ಸಿಹಿಯಲ್ಲಿ ಸಹಜ ಯಾವುದು, ಕೃತಕ ಯಾವುದು?

ಮೈಸೂರು ಪಕ್ಕದ ಇಲವಾಲದ ಹುಣಸೂರು ರಸ್ತೆಯಲ್ಲಿರುವ ಯಾವುದಾದರೂ ದಿನಸಿ ಅಂಗಡಿಗೆ ಹೋಗಿ, ಅಲ್ಲಿ ಸಿಹಿಗೆಂದು ಏನೇನು ಮಾರುತ್ತಾರೆ ನೋಡಿ. ಮಂಡ್ಯದ ಕಡೆಯ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಬಿಳಿ ಸಕ್ಕರೆ, ಕಲ್ಲುಸಕ್ಕರೆ, ಕೊಡಗಿನ ಹೆಸರು ಹೊತ್ತ ಜೇನಿನ ಬಾಟಲಿ. ಪಕ್ಕದಲ್ಲೇ ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕಿಕೊಳ್ಳುವ ಪುಟ್ಟ ಮಾತ್ರೆಗಳ ಡಬ್ಬಿ, ಹಸಿರು ಎಲೆಯ ಚಿತ್ರವಿರುವ ಸ್ಟೀವಿಯಾ ಪುಡಿ. ಫ್ರಿಜ್ಜಿನೊಳಗೆ ಡಯಟ್ ಕೋಲಾ.

ಗಿರಾಕಿಗಳು ಇವನ್ನೆಲ್ಲ ಎರಡೇ ಪಾಲು ಮಾಡುತ್ತಾರೆ. ಬೆಲ್ಲ, ಜೇನು 'ನ್ಯಾಚುರಲ್', ಮಾತ್ರೆ 'ಕೆಮಿಕಲ್'. ಬಿಳಿ ಸಕ್ಕರೆಯನ್ನು ಯಾವ ಕಡೆ ಹಾಕಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. "ಸಕ್ಕರೆ ಬಿಟ್ಟು ವರ್ಷವಾಯ್ತು, ಈಗೇನಿದ್ದರೂ ಬೆಲ್ಲದ ಕಾಫೀನೇ" ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ, ಅಂದರೆ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಮಧುಮೇಹವಿದೆ ಎಂದು ಐಸಿಎಂಆರ್ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಅಂದಾಜು ಮಾಡಿತು. ಇಂಥ ಹೊತ್ತಿನಲ್ಲಿ ಸಹಜ–ಕೃತಕ ಎಂಬ ಈ ವಿಂಗಡಣೆ ಹರಟೆಯ ವಿಷಯವಾಗಿ ಉಳಿಯುವುದಿಲ್ಲ. ಜನ ಅದನ್ನು ನಂಬಿಕೊಂಡು ಊಟ ಮಾಡುತ್ತಾರೆ. ಆದರೆ ಈ ಗೆರೆ ತಿಳಿಸುವುದು ಪದಾರ್ಥ ಎಲ್ಲಿಂದ ಬಂತು ಎಂಬುದನ್ನು ಮಾತ್ರ. ಹೊಟ್ಟೆಗೆ ಹೋದ ಮೇಲೆ ಅದು ಏನು ಮಾಡುತ್ತದೆ ಎಂಬುದಕ್ಕೆ ಬೇರೆಯೇ ಲೆಕ್ಕವಿದೆ. ಒಂದೊಂದಾಗಿ ನೋಡೋಣ.

ಆಲೆಮನೆ, ಕಾರ್ಖಾನೆ, ಜೇನುಗೂಡು

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಮಂಡ್ಯ ಕಬ್ಬಿನ ಜಿಲ್ಲೆಯಾಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಾರ್ಖಾನೆ ಬಂತೆಂದು ಆಲೆಮನೆಗಳು ಮುಚ್ಚಲಿಲ್ಲ. ಇವತ್ತಿಗೂ ಅಲ್ಲಿ ಗಾಣದಿಂದ ಇಳಿದ ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಗೆ ಸುರಿದು, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಉರಿ ಹಾಕಿ ಕಾಯಿಸುತ್ತಾರೆ. ಹುಳಿ ಮುರಿಯಲು ಸುಣ್ಣದ ತಿಳಿ ಹಾಕುತ್ತಾರೆ, ಮೇಲೆ ಕಟ್ಟುವ ಕೊಳೆಯನ್ನು ಜಾಲರಿ ಸೌಟಿನಿಂದ ತೆಗೆಯುತ್ತಾರೆ. ಹಿಂದೆ ಕೊಳೆ ಕಟ್ಟಿಸಲು ಬೆಂಡೆ ಗಿಡದ ಕಾಂಡ ಜಜ್ಜಿದ ಲೋಳೆಯನ್ನು ಹಾಕುತ್ತಿದ್ದರು. ಪಾಕ ಹದಕ್ಕೆ ಬಂದಾಗ ಇಳಿಸಿ, ಕಲಕಿ, ಅಚ್ಚಿಗೆ ಹುಯ್ಯುತ್ತಾರೆ. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋದಷ್ಟು ಬೆಲ್ಲ ಬರುತ್ತದೆ.

ಕಾರ್ಖಾನೆಯಲ್ಲೂ ಅದೇ ಕಬ್ಬು, ಅದೇ ಹಾಲು, ಅದೇ ಸುಣ್ಣ. ಅದರ ಜೊತೆ ಗಂಧಕದ ಹೊಗೆ ಹಾಯಿಸಿ ಬಣ್ಣ ತೆಗೆದು, ಹರಳು ಕಟ್ಟಿಸಿ, ಕಾಕಂಬಿಯನ್ನು ಬೇರ್ಪಡಿಸುತ್ತಾರೆ. ಉಳಿಯುವುದು ಬಹುಪಾಲು ಶುದ್ಧ ಸುಕ್ರೋಸ್. ಬೆಲ್ಲದಲ್ಲಿ ಸುಕ್ರೋಸ್ ನೂರಕ್ಕೆ ಅರವತ್ತೈದರಿಂದ ಎಂಬತ್ತೈದರಷ್ಟಿರುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಗ್ಲೂಕೋಸ್ ಮತ್ತು ಫ್ರಕ್ಟೋಸ್, ನೀರು, ಖನಿಜ, ಬಣ್ಣ, ಪರಿಮಳ. ಆ ಪರಿಮಳವೇ ಬೆಲ್ಲದ ಹೆಚ್ಚುಗಾರಿಕೆ. ಸಕ್ಕರೆಯಲ್ಲಿ ಮಾಡಿದ ಹೋಳಿಗೆ ಬೆಲ್ಲದ ಹೋಳಿಗೆಯಾಗುವುದಿಲ್ಲ. ಆದರೆ ಬೆಲ್ಲವೂ ರಕ್ತದಲ್ಲಿ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ. ಅದರಲ್ಲಿರುವ ಕಬ್ಬಿಣದಂಶ ನಿಜವೇ, ಆದರೆ ಒಂದು ಚಮಚದಲ್ಲಿ ಅದರ ಪ್ರಮಾಣ ಅತ್ಯಲ್ಪ. ಕಬ್ಬಿಣಕ್ಕಾಗಿ ಬೆಲ್ಲ ತಿನ್ನಹೊರಟವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಕ್ಕರೆಯನ್ನು ಒಳಗೆ ಕಳಿಸಿರುತ್ತಾರೆ. ಆ ಕೆಲಸಕ್ಕೆ ಸೊಪ್ಪು, ಕಾಳು ಇವೆ.

ಇನ್ನು ಬೆಲ್ಲದ ಸಹಜತೆಯೂ ಪ್ರಶ್ನಾತೀತವಲ್ಲ. ಹೊಂಬಣ್ಣದ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ ಸಿಗುತ್ತದೆಂದು ಪಾಕಕ್ಕೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಣ್ಣ ತೆಗೆಯುವ ಪುಡಿಯನ್ನು ಹಾಕುವುದುಂಟು. ಸಕ್ಕರೆ ಅಗ್ಗವಾದಾಗ ಅದನ್ನೇ ಕೊಪ್ಪರಿಗೆಗೆ ಸುರಿದು ಬೆಲ್ಲ ಮಾಡುವ ಕಳ್ಳದಾರಿಯೂ ಇದೆ. ಇಂಥ ಬೆಲ್ಲ ಕೊಂಡವರು ಸಕ್ಕರೆಯನ್ನು ದೂರವಿಟ್ಟೆವೆಂದುಕೊಂಡು ಸಕ್ಕರೆಯನ್ನೇ ತಿನ್ನುತ್ತಿರುತ್ತಾರೆ.

ಜೇನಿನ ಕಥೆ ಇನ್ನೂ ಸ್ವಾರಸ್ಯ. ಇಲವಾಲದಿಂದ ಹುಣಸೂರು ದಾಟಿದರೆ ನಾಗರಹೊಳೆಯ ಕಾಡು, ಜೇನು ಕೀಳುವುದನ್ನೇ ಹೆಸರಿನಲ್ಲಿಟ್ಟುಕೊಂಡ ಜೇನು ಕುರುಬರ ಹಾಡಿಗಳು. ಹೆಜ್ಜೇನು, ತುಡುವೆ, ಕೋಲ್ಜೇನು ಒಂದೊಂದಕ್ಕೂ ಒಂದೊಂದು ರುಚಿ. ಮನುಷ್ಯ ಕೈಹಚ್ಚುವ ಮೊದಲೇ ಸಿದ್ಧವಾಗಿರುವ ಸಿಹಿ ಎಂದರೆ ಇದೊಂದೇ ಎನ್ನಬಹುದು. ಅದರಲ್ಲಿ ಸುಮಾರು ಶೇ. 38ರಷ್ಟು ಫ್ರಕ್ಟೋಸ್, ಶೇ. 31ರಷ್ಟು ಗ್ಲೂಕೋಸ್, ಮಿಕ್ಕಿದ್ದರಲ್ಲಿ ಬಹುಪಾಲು ನೀರು. ಅಮೆರಿಕದ ತಂಪು ಪಾನೀಯಗಳಲ್ಲಿ ಬಳಸುವ, ಎಲ್ಲರೂ ಬೈಯುವ ಮೆಕ್ಕೆಜೋಳದ ಫ್ರಕ್ಟೋಸ್ ಪಾಕದಲ್ಲೂ ಇರುವುದು ಇವೇ ಎರಡು ಸಕ್ಕರೆಗಳು, ಹೆಚ್ಚುಕಡಿಮೆ ಅದೇ ಹದದಲ್ಲಿ. ಹೀಗಾಗಿಯೇ ಅಕ್ಕಿಯ, ಜೋಳದ ಪಾಕವನ್ನು ಜೇನಿಗೆ ಬೆರೆಸಿದರೆ ಕಂಡುಹಿಡಿಯುವುದು ಕಷ್ಟ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡುಗಳ ಜೇನನ್ನು ಜರ್ಮನಿಯ ಪ್ರಯೋಗಾಲಯದಲ್ಲಿ ಎನ್‌ಎಂಆರ್ ವಿಧಾನದಿಂದ ಪರೀಕ್ಷಿಸಿದಾಗ 10 ಬ್ರಾಂಡುಗಳು ಫೇಲಾದವು. ಅಪ್ಪಟ ಜೇನೂ ಎಲ್ಲರಿಗೂ ಆಗಿಬರುವುದಿಲ್ಲ. ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣು ಇರಬಹುದಾದ್ದರಿಂದ ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಮುಟ್ಟಿಸುವ ಪದ್ಧತಿಯಿರುವ ನಮ್ಮ ಮನೆಗಳಲ್ಲಿ ಇದನ್ನು ಎರಡು ಸಲ ಹೇಳಬೇಕು.

ಮೆಕ್ಕೆಜೋಳದ ಪಾಕವನ್ನು ಕೃತಕವೆಂದು ಪಕ್ಕಕ್ಕೆ ಸರಿಸುವ ಮುನ್ನ ನಮ್ಮ ರಾಗಿ ಹುರಿಹಿಟ್ಟನ್ನೊಮ್ಮೆ ನೆನೆಯಿರಿ. ರಾಗಿಯನ್ನು ಮೊಳಕೆ ಕಟ್ಟಿದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಎದ್ದು, ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಮೊಳಕೆ ರಾಗಿಯ ಗಂಜಿಗೆ ಬೆಲ್ಲ ಹಾಕದಿದ್ದರೂ ಎಳೆ ಸಿಹಿ ಇರುವುದು ಅದಕ್ಕೇ. ಕಾರ್ಖಾನೆಯಲ್ಲಿ ಜೋಳದ ಪಿಷ್ಟವನ್ನು ಒಡೆಯುವುದೂ ಅದೇ ಜಾತಿಯ ಕಿಣ್ವ. ಮುಂದಕ್ಕೆ ಇನ್ನೊಂದು ಕಿಣ್ವ ಗ್ಲೂಕೋಸನ್ನು ಫ್ರಕ್ಟೋಸ್ ಮಾಡುತ್ತದೆ. ಎರಡೂ ಕಡೆ ನಡೆಯುವುದು ಒಂದೇ ಬಗೆಯ ಕೆಲಸ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ, ಮತ್ತು ಗಂಜಿಯಲ್ಲಿ ಉಳಿಯುವ ನಾರು, ಸುಣ್ಣದಂಶಗಳಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಈ ಗುಂಪನ್ನು ಒಂದೇ ತಕ್ಕಡಿಯಲ್ಲಿ ತೂಗಿತು. ಆಹಾರಕ್ಕೆ ಬೆರೆಸುವ ಸಕ್ಕರೆಗಳ ಜೊತೆಗೆ ಜೇನು, ಪಾಕ, ಹಣ್ಣಿನ ರಸಗಳಲ್ಲಿರುವ ಸಕ್ಕರೆಯನ್ನೂ ಸೇರಿಸಿ, ಇವೆಲ್ಲದರಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ರೊಳಗಿರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದಿತು. 2,000 ಕ್ಯಾಲರಿ ತಿನ್ನುವವರಿಗೆ ಇದು 50 ಗ್ರಾಂ, ಇಲ್ಲವೇ 25 ಗ್ರಾಂ. ಇಡಿಯಾಗಿ ತಿಂದ ಹಣ್ಣಿನ ಸಕ್ಕರೆ, ಹಾಲಿನ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ಕಬ್ಬಿನ ಹಾಲು ಬರುತ್ತದೆ.

ಕೈತೊಳೆಯದೆ ಸಿಕ್ಕ ಸಿಹಿಗಳು

ಈಗ ಮಾತ್ರೆಯ ಕಡೆಗೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಐರಾ ರೆಮ್ಸೆನ್ ಅವರ ಪ್ರಯೋಗಾಲಯದಲ್ಲಿದ್ದ ಕಾನ್‌ಸ್ಟಂಟಿನ್ ಫಾಲ್‌ಬರ್ಗ್, ಕಲ್ಲಿದ್ದಲ ಟಾರಿನಿಂದ ಬರುವ ವಸ್ತುಗಳ ಮೇಲೆ ಕೆಲಸ ಮಾಡಿ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತರು. ಬ್ರೆಡ್ಡು ಸಿಹಿಯಾಗಿತ್ತು. ಅದು ಸ್ಯಾಕರಿನ್, ಸಕ್ಕರೆಗಿಂತ ಸುಮಾರು ಮುನ್ನೂರು ಪಟ್ಟು ಸಿಹಿ. ಮಹಾಯುದ್ಧಗಳಲ್ಲಿ ಸಕ್ಕರೆಗೆ ಅಭಾವ ಬಂದಾಗ ಯುರೋಪಿನ ಮನೆಮನೆಗೂ ಅದು ತಲುಪಿತು. ಮುಂದಿನವೂ ಹೆಚ್ಚುಕಡಿಮೆ ಹೀಗೇ ಸಿಕ್ಕವು. 1937ರಲ್ಲಿ ಮೈಕೆಲ್ ಸ್ವೇಡಾ ಸೇದುತ್ತಿದ್ದ ಸಿಗರೇಟಿಗೆ ಸಿಹಿ ಅಂಟಿ ಸೈಕ್ಲಮೇಟ್ ಸಿಕ್ಕಿತು. 1965ರಲ್ಲಿ ಜೇಮ್ಸ್ ಶ್ಲಾಟರ್ ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. 1967ರಲ್ಲಿ ಜರ್ಮನಿಯ ಕಾರ್ಲ್ ಕ್ಲಾಸ್ ಅವರಿಗೆ ಅಸೆಸಲ್ಫೇಮ್ ಸಿಕ್ಕಿದ್ದೂ ಬೆರಳು ನೆಕ್ಕಿಯೇ. 1976ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ಶಶಿಕಾಂತ್ ಫಡ್ನಿಸ್ ಎಂಬ ಭಾರತೀಯ ವಿದ್ಯಾರ್ಥಿ, ಪುಡಿಯನ್ನು 'ಟೆಸ್ಟ್' ಮಾಡು ಎಂದದ್ದನ್ನು 'ಟೇಸ್ಟ್' ಎಂದು ಕೇಳಿಸಿಕೊಂಡು ನಾಲಗೆಗೆ ಹಚ್ಚಿಕೊಂಡರೆಂಬ ಕಥೆ ಪ್ರಸಿದ್ಧ. ಅದು ಸುಕ್ರಲೋಸ್, ಸಕ್ಕರೆಯ ಆರುನೂರು ಪಟ್ಟು.

ಆಸ್ಪರ್ಟೇಮ್ ಎಂದರೆ ಎರಡು ಅಮೈನೋ ಆಮ್ಲಗಳ ಜೋಡಣೆ. ಆ ಎರಡೂ ನಾವು ದಿನವೂ ತಿನ್ನುವ ಬೇಳೆ, ಹಾಲು, ಮೊಟ್ಟೆಗಳಲ್ಲಿವೆ. ಸುಕ್ರಲೋಸನ್ನು ಮಾಡುವುದು ಸಕ್ಕರೆಯಿಂದಲೇ. ಸುಕ್ರೋಸಿನ ಮೂರು ಜಾಗಗಳಲ್ಲಿ ಕ್ಲೋರಿನ್ ಕೂರಿಸುತ್ತಾರೆ. ಅಷ್ಟಕ್ಕೇ ದೇಹಕ್ಕೆ ಅದರ ಗುರುತು ಸಿಗದೆ, ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಕಬ್ಬಿನಿಂದ ಹೊರಟದ್ದೇ ಆದರೂ ಸುಕ್ರಲೋಸ್ ಕೃತಕ ಎಂಬುದರಲ್ಲಿ ತಕರಾರಿಲ್ಲ. ಹಾಗಾದರೆ ಮೂಲ ಯಾವುದೆಂಬುದೊಂದೇ ಅಳತೆಗೋಲಾಗದು ಎಂಬುದು ಇಲ್ಲೇ ತೀರ್ಮಾನವಾಯಿತು.

ಗೆರೆಯ ಮೇಲೆ ನಿಂತವು

ಸ್ಟೀವಿಯಾ ಪರಾಗ್ವೆಯ ಗಿಡ. ಅಲ್ಲಿನ ಗ್ವಾರಾನಿ ಜನ ಅದರ ಎಲೆಯನ್ನು ಕಷಾಯಕ್ಕೆ ಹಾಕುತ್ತಿದ್ದರು. 1970ರ ದಶಕದಿಂದ ಜಪಾನ್ ಅದನ್ನು ಕೈಗಾರಿಕೆಗೆ ತಂದಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿಗೆ ಕೊಟ್ಟದ್ದು ಅದರ ಸಾರಕ್ಕೆ, ಅಂದರೆ ಸ್ಟೀವಿಯಾಲ್ ಗ್ಲೈಕೋಸೈಡುಗಳಿಗೆ. ಎಲೆಯನ್ನು ಬಿಸಿನೀರಲ್ಲಿ ನೆನೆಸಿ, ರಾಳಗಳ ಮೂಲಕ ಹಾಯಿಸಿ, ಆಲ್ಕೋಹಾಲಿನಲ್ಲಿ ಮತ್ತೆ ಹರಳುಗಟ್ಟಿಸಿ ಶೇ. 95ಕ್ಕೂ ಮೀರಿ ಶುದ್ಧ ಮಾಡಿದ ಬಿಳಿ ಪುಡಿ ಅದು. ಇತ್ತೀಚೆಗೆ ಕೆಲವು ಗ್ಲೈಕೋಸೈಡುಗಳನ್ನು ಎಲೆಯ ಹಂಗಿಲ್ಲದೆ, ಮಾರ್ಪಡಿಸಿದ ಯೀಸ್ಟನ್ನು ಹುದುಗು ಬರಿಸಿ ತೆಗೆಯುತ್ತಿದ್ದಾರೆ. ಎಲೆಯಲ್ಲಿರುವ ಅಣುವೂ ಯೀಸ್ಟಿನ ಅಣುವೂ ಒಂದೇ. ಡಬ್ಬಿಯ ಮೇಲಿನ ಎಲೆಯ ಚಿತ್ರಕ್ಕೆ ಈ ಯಾವುದೂ ಗೊತ್ತಿಲ್ಲ.

ಪಾಲಿಯಾಲ್ ಅಥವಾ ಸಕ್ಕರೆ ಆಲ್ಕೋಹಾಲುಗಳದು ಇನ್ನೊಂದು ಗುಂಪು: ಸಾರ್ಬಿಟಾಲ್, ಮಾಲ್ಟಿಟಾಲ್, ಜೈಲಿಟಾಲ್, ಎರಿತ್ರಿಟಾಲ್. ಸೇಬು, ಪೇರು ಹಣ್ಣುಗಳಲ್ಲಿ ಸಾರ್ಬಿಟಾಲ್ ತಾನಾಗಿಯೇ ಇದೆ. ಕಾರ್ಖಾನೆಯಲ್ಲಿ ಅದನ್ನು ಗ್ಲೂಕೋಸಿಗೆ ಜಲಜನಕ ಕೂಡಿಸಿ ಮಾಡುತ್ತಾರೆ. ಕ್ಯಾಲರಿ ಸಕ್ಕರೆಗಿಂತ ಕಡಿಮೆ, ಎರಿತ್ರಿಟಾಲಿನಲ್ಲಂತೂ ಇಲ್ಲವೆನ್ನುವಷ್ಟು. ಆದರೆ ಸಾರ್ಬಿಟಾಲ್, ಮಾಲ್ಟಿಟಾಲ್‌ನಂಥವನ್ನು ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ಎರಿತ್ರಿಟಾಲ್ ಮಟ್ಟ ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವೆಂದು 2023ರ ಒಂದು ಅಧ್ಯಯನ ಹೇಳಿದೆ. ಅದರಿಂದಲೇ ಹಾಗಾಯಿತೆಂದು ಇನ್ನೂ ಸಾಬೀತಾಗಿಲ್ಲ.

ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ನಡೆಯುತ್ತಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಈ ನಡುಜಾಗದಲ್ಲಿ ಕೆಲಸ ಮಾಡಿದೆ. ಈರುಳ್ಳಿ, ಬಾಳೆಹಣ್ಣುಗಳಲ್ಲಿ ಅಲ್ಪಸ್ವಲ್ಪ ಇರುವ ಫ್ರಕ್ಟೋ ಆಲಿಗೋಸ್ಯಾಕರೈಡ್ ಎಂಬ ಸಿಹಿ ನಾರನ್ನು ಶಿಲೀಂಧ್ರದ ಕಿಣ್ವದಿಂದ, ಸಕ್ಕರೆಯನ್ನೇ ಕಚ್ಚಾವಸ್ತುವಾಗಿಟ್ಟುಕೊಂಡು ತಯಾರಿಸುವ ಬಗೆಯನ್ನು ಅಲ್ಲಿನ ವಿಜ್ಞಾನಿಗಳು ಅಭ್ಯಾಸ ಮಾಡಿ ಪ್ರಕಟಿಸಿದ್ದಾರೆ. ಈರುಳ್ಳಿಯಲ್ಲಿದ್ದಾಗ ಸಹಜ, ಶಿಲೀಂಧ್ರದ ಕೈಯಲ್ಲಿ ಮಾಡಿಸಿದಾಗ ಕೃತಕ ಎನ್ನೋಣವೇ?

ನಾಲಗೆ ಜಾತಿ ಕೇಳುವುದಿಲ್ಲ

ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳ ಜೋಡಿಯನ್ನು ವಿಜ್ಞಾನಿಗಳು 2001ರ ಹೊತ್ತಿಗೆ ಪತ್ತೆ ಮಾಡಿದರು. ಸುಕ್ರೋಸ್, ಸ್ಯಾಕರಿನ್, ಸ್ಟೀವಿಯಾ ಎಲ್ಲವೂ ತಟ್ಟುವುದು ಅದೇ ಬಾಗಿಲನ್ನು. ಇದನ್ನು ನೀವೇ ಪರೀಕ್ಷಿಸಬಹುದು. ನಮ್ಮ ಕಾಡುಗಳಲ್ಲಿ ಬೆಳೆಯುವ ಮಧುನಾಶಿನಿ ಬಳ್ಳಿಯ ಎರಡು ಎಲೆ ಅಗಿದು ಉಗುಳಿ, ಆಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಬರೀ ಮರಳು ಕಚ್ಚಿದಂತಿರುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ಆ ಬಾಗಿಲಿಗೆ ಸ್ವಲ್ಪ ಹೊತ್ತು ಅಗುಳಿ ಹಾಕಿರುತ್ತದೆ.

ಗಿಡದಿಂದ ಬಂದ ಸಿಹಿಯೆಲ್ಲ ನಿರಪಾಯವೆಂದೂ ಅಲ್ಲ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ಬಳ್ಳಿಯ ಎಲೆ ಸಿಹಿ. ಸಕ್ಕರೆಗಿಂತ 30ರಿಂದ 100 ಪಟ್ಟು ಸಿಹಿಯಾದ ಅಬ್ರುಸೋಸೈಡುಗಳು ಅದರಲ್ಲಿವೆ. ಅದೇ ಬಳ್ಳಿಯ ಕೆಂಪು ಕಾಳಿನಲ್ಲಿರುವುದು ಅಬ್ರಿನ್ ಎಂಬ ಘೋರ ವಿಷ. ಗ್ರಂಧಿಗೆ ಅಂಗಡಿಯಲ್ಲಿ ಕೆಮ್ಮಿಗೆಂದು ಕೊಳ್ಳುವ ಅತಿಮಧುರದ ಬೇರಿನ ಸಿಹಿ ಗ್ಲಿಸರೈಝಿನ್‌ನದು. ಅದನ್ನು ಮಿತಿಮೀರಿ ತಿಂದರೆ ರಕ್ತದೊತ್ತಡ ಏರಿ, ಪೊಟ್ಯಾಷಿಯಂ ಕುಸಿಯುತ್ತದೆ.

ಭಯ ಎಷ್ಟು, ಲೆಕ್ಕ ಎಷ್ಟು

ಕೃತಕ ಸಿಹಿಗಳ ಮೇಲಿನ ಕ್ಯಾನ್ಸರ್ ಆರೋಪ ಹಳೆಯದು. ಗಂಡು ಇಲಿಗಳಿಗೆ ಭಾರೀ ಪ್ರಮಾಣದಲ್ಲಿ ಸ್ಯಾಕರಿನ್ ತಿನ್ನಿಸಿದಾಗ ಮೂತ್ರಕೋಶದಲ್ಲಿ ಗೆಡ್ಡೆಗಳು ಕಂಡು, 1977ರಲ್ಲಿ ಅಮೆರಿಕ ನಿಷೇಧದ ಅಂಚಿಗೆ ಹೋಯಿತು. ಇಲಿಯ ಮೂತ್ರದ ಗುಣವೇ ಇದಕ್ಕೆ ಕಾರಣ, ಮನುಷ್ಯರಿಗೆ ಅನ್ವಯವಾಗದು ಎಂದು ತಿಳಿದ ಮೇಲೆ 2000ದಲ್ಲಿ ಅದನ್ನು ಶಂಕಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ತೆಗೆದರು. ಸೈಕ್ಲಮೇಟನ್ನು ಅಮೆರಿಕ 1969ರಲ್ಲಿ ನಿಷೇಧಿಸಿತು. ಯುರೋಪಿನಲ್ಲಿ ಇವತ್ತಿಗೂ ಅನುಮತಿಯಿದೆ. ವಸ್ತು ಒಂದೇ, ಕಾನೂನು ಎರಡು.

ಆಸ್ಪರ್ಟೇಮ್ ಸರದಿ ಬಂದದ್ದು 2023ರ ಜುಲೈನಲ್ಲಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 'ಬಹುಶಃ ಕ್ಯಾನ್ಸರ್ ತರಬಹುದಾದ' 2ಬಿ ಗುಂಪಿಗೆ ಸೇರಿಸಿತು. ಅದೇ ದಿನ ಆಹಾರ ಸಂಯೋಜಕಗಳ ಜಂಟಿ ತಜ್ಞರ ಸಮಿತಿ, ದೇಹದ ತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಬೇಕಿಲ್ಲ ಎಂದಿತು. ಮೊದಲನೆಯದು ಅಪಾಯದ ಸಾಧ್ಯತೆಗೆ ಎಷ್ಟು ಪುರಾವೆಯಿದೆ ಎಂದು ಹೇಳುತ್ತದೆ. ಎಷ್ಟು ತಿಂದರೆ ಅಪಾಯ ಎಂದು ಹೇಳುವುದು ಎರಡನೆಯದು. 70 ಕಿಲೋ ತೂಕದವರು ಆ ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್ ಡಯಟ್ ಪಾನೀಯ ಕುಡಿಯಬೇಕು. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟು ಕಾಯಿಲೆಯವರು ಮಾತ್ರ ಅದನ್ನು ಮುಟ್ಟಲೇಬಾರದು.

ಹಾಗೆಂದು ಮಾತ್ರೆ ಪರವಾಗಿ ತೀರ್ಪಾಯಿತು ಎಂದಲ್ಲ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಸಕ್ಕರೆಯೇತರ ಸಿಹಿಗಳನ್ನು ನೆಚ್ಚಬೇಡಿ ಎಂದಿತು. ಕೆಲವೇ ತಿಂಗಳ ಪ್ರಯೋಗಗಳಲ್ಲಿ ತೂಕ ತುಸು ಇಳಿದರೂ, ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಲಾಭ ಕಾಣಲಿಲ್ಲ. ಮಧುಮೇಹ, ಹೃದ್ರೋಗದ ನಂಟೂ ಕಂಡಿತು. ತೂಕ ಹೆಚ್ಚಿದವರೇ ಮಾತ್ರೆಗೆ ಹೋಗುವುದರಿಂದ ಕಾರಣ–ಪರಿಣಾಮ ತಿರುವುಮುರುವಾಗಿರಬಹುದು ಎಂಬ ಸಂಶಯದಿಂದ ಇದನ್ನು ಷರತ್ತುಬದ್ಧ ಶಿಫಾರಸು ಎಂದು ಕರೆದರು. ಈಗಾಗಲೇ ಮಧುಮೇಹ ಇರುವವರಿಗೆ ಇದು ಅನ್ವಯಿಸುವುದಿಲ್ಲ ಎಂಬ ಮಾತೂ ಅದರಲ್ಲಿದೆ. ಮುಖ್ಯವಾಗಿ ಗಮನಿಸಬೇಕಾದ್ದು: ಆ ಶಿಫಾರಸು ಅನ್ವಯಿಸುವ ಸಿಹಿಗಳ ಪಟ್ಟಿಯಲ್ಲಿ ಸ್ಯಾಕರಿನ್, ಸುಕ್ರಲೋಸ್‌ಗಳ ಪಕ್ಕದಲ್ಲೇ ಸ್ಟೀವಿಯಾ ಕೂತಿದೆ. ಎಲೆಯಿಂದ ಬಂತೆಂಬ ರಿಯಾಯಿತಿ ಅದಕ್ಕೆ ಸಿಗಲಿಲ್ಲ.

ಮೈಸೂರು ಪಾಕಿನ ಪರೀಕ್ಷೆ

ಅಡುಗೆಮನೆ ಇನ್ನೊಂದು ಸತ್ಯ ಹೇಳುತ್ತದೆ. ನಾಲ್ವಡಿಯವರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಹೆಸರಿಗೆ ಅಂಟಿಕೊಂಡಿರುವ ಮೈಸೂರು ಪಾಕನ್ನು ಮಾತ್ರೆಯಲ್ಲಿ ಮಾಡಲಾಗದು. ಅಲ್ಲಿ ಸಕ್ಕರೆ ಸಿಹಿ ಕೊಡುವುದಷ್ಟೇ ಅಲ್ಲ, ಎಳೆ ಪಾಕವಾಗಿ ಕಡಲೆಹಿಟ್ಟನ್ನೂ ತುಪ್ಪವನ್ನೂ ಹಿಡಿದು ನಿಲ್ಲಿಸುತ್ತದೆ. ಐದು ಗ್ರಾಂ ಸಕ್ಕರೆಯ ಸಿಹಿಗೆ ಎಂಟು ಮಿಲಿಗ್ರಾಂ ಸುಕ್ರಲೋಸ್ ಸಾಕು. ಅಷ್ಟರಲ್ಲಿ ಎಳೆ ಎಲ್ಲಿಂದ ಬರಬೇಕು? ಆಸ್ಪರ್ಟೇಮಿನ ಸಿಹಿಯಂತೂ ಕಾವಿಗೆ ಕರಗಿಹೋಗುತ್ತದೆ. ಹೀಗಾಗಿ 'ಶುಗರ್ ಫ್ರೀ' ಮಿಠಾಯಿಗಳಲ್ಲಿ ಗಾತ್ರಕ್ಕೆ ಪಾಲಿಯಾಲ್, ಮಾಲ್ಟೋಡೆಕ್ಸ್‌ಟ್ರಿನ್‌ಗಳನ್ನು ಸೇರಿಸುತ್ತಾರೆ. ಸ್ಟೀವಿಯಾ ಪುಡಿಯ ಪ್ಯಾಕೆಟ್ಟುಗಳಲ್ಲೂ ತೂಕದ ಬಹುಭಾಗ ಸಾಮಾನ್ಯವಾಗಿ ಇಂಥವೇ. ಸಕ್ಕರೆ ಇಲ್ಲದ ಮಿಠಾಯಿಯಲ್ಲಿ ತುಪ್ಪ, ಖೋವಾ ಇದ್ದೇ ಇರುತ್ತವೆ ಎಂಬುದನ್ನೂ ಮರೆಯಬಾರದು.

ಹಾಗಾದರೆ

ಸಹಜವೋ ಕೃತಕವೋ ಎಂದು ಕೇಳುವ ಬದಲು ಮೂರು ಪ್ರಶ್ನೆ ಕೇಳಿ: ಇದು ಸಕ್ಕರೆಯೋ ಅಲ್ಲವೋ? ಎಷ್ಟು ತಿನ್ನುತ್ತಿದ್ದೇನೆ? ತಿನ್ನುವವರು ಯಾರು? ಬೆಲ್ಲ, ಜೇನು, ಜೋನಿ ಬೆಲ್ಲ, ತಾಟಿಬೆಲ್ಲ ಎಲ್ಲವೂ ಸಕ್ಕರೆಯೇ. ರುಚಿಗಾಗಿ ತಿನ್ನಿ, ಲೆಕ್ಕ ಸಕ್ಕರೆಯದೇ ಇಡಿ. ಸ್ಟೀವಿಯಾ, ಸುಕ್ರಲೋಸ್, ಸ್ಯಾಕರಿನ್ ಇನ್ನೊಂದು ಗುಂಪು. ಸಿಹಿ ಕಾಫಿ ಬಿಡಲಾಗದ ಮಧುಮೇಹಿಗೆ ಮಿತಿಯಲ್ಲಿ ಅವು ಊರುಗೋಲು. ಬೆಳೆಯುವ ಮಕ್ಕಳಿಗೆ ಅವುಗಳ ಅಗತ್ಯವಿಲ್ಲ. ಉಳಿದವರಿಗೆ ಚಮಚವನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದಕ್ಕಿಂತ ಒಳ್ಳೆಯ ಬದಲಿ ಇಲ್ಲ.

ಪೊಟ್ಟಣದ ಹಿಂಬದಿಯಲ್ಲಿ 950 ಎಂದಿದ್ದರೆ ಅಸೆಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ, 420 ಸಾರ್ಬಿಟಾಲ್, 968 ಎರಿತ್ರಿಟಾಲ್. ಕಾಫಿಗೆ ಮಾತ್ರೆ ಬೇಡವೆನ್ನುವವರು ಪಾನ್ ಮಸಾಲೆ, ಸಿಹಿ ಅಡಿಕೆ ಪುಡಿಯ ಪೊಟ್ಟಣವನ್ನೂ ತಿರುಗಿಸಿ ನೋಡಲಿ. ಅವುಗಳಲ್ಲಿ ಸ್ಯಾಕರಿನ್‌ಗೆ ಕಾನೂನಿನ ಅನುಮತಿಯಿದೆ. ಆದರೆ ಓದುವುದು ಯಾವ ಭಾಷೆಯಲ್ಲಿ? ಕೇಂದ್ರದ ಆಹಾರ ನಿಯಮದ ಪ್ರಕಾರ ಈ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು. ಆ ನಿಯಮ ಕನ್ನಡವನ್ನು ಕಡ್ಡಾಯ ಮಾಡುವುದಿಲ್ಲ. 'ಕೃತಕ ಸಿಹಿ ಇದೆ', 'ಮಕ್ಕಳಿಗೆ ಬೇಡ' ಎಂಬ ಎಚ್ಚರಿಕೆಗಳು ಇಲವಾಲದಂಥ ಊರಿನಲ್ಲಿ ಕನ್ನಡ ಮಾತ್ರ ಓದಬಲ್ಲ ತಾಯಿಗೆ ಕಾಣಿಸುವುದೇ ಇಲ್ಲ. ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಪೊಟ್ಟಣದ ಮೇಲೂ ಎಷ್ಟು ಸಕ್ಕರೆ ಸೇರಿಸಿದೆ, ಯಾವ ಸಿಹಿಕಾರಕ ಹಾಕಿದೆ ಎಂಬ ಎರಡು ಸಾಲು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಕಡ್ಡಾಯವಾಗಬೇಕು. ಸರ್ಕಾರವನ್ನು ಇದಕ್ಕಾಗಿ ಒತ್ತಾಯಿಸಬೇಕಾದವರು ಆ ಪೊಟ್ಟಣ ಕೊಳ್ಳುವ ನಾವೇ.